ಮುಖವೂ ಒಂದು ಅಮಾನತ್

(ಇಡಗುಂದಿಯಲ್ಲಿ ನಡೆದ ಪೋಷಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ. ಓದುಗರಿಗಾಗಿ ಅಲ್ಲಲ್ಲಿ ವಿಸ್ತರಿಸಿ ಬರೆಯಲಾಗಿದೆ.)



ಶಿಕ್ಷಕಿಯೊಬ್ಬಳು ಮೈಕಿನ ಮುಂದೆ ನಿಂತರೆ ಏನು ಮಾತಾಡುತ್ತಾಳೆಂದು ನಿಮಗೆ ಗೊತ್ತೇ ಇದೆ. ಹತ್ತನೆಯ ತರಗತಿಯ ಫಲಿತಾಂಶ, ಮಕ್ಕಳ ಹಾಜರಾತಿ, ಉರ್ದು ಮಾತೃಭಾಷೆಯ ಮಕ್ಕಳಿಗೆ ಕನ್ನಡ ಏಕೆ ಬೇಕು, ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ನಿಲ್ಲಿಸಬೇಡಿ ಎಂಬ ವಿನಂತಿ. ಇವೆಲ್ಲ ಅಗತ್ಯವಾದ ಮಾತುಗಳೇ. ಆದರೆ ಈ ಸಲ ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಅದು ಫೋಟೋ. ದಯವಿಟ್ಟು ನಗಬೇಡಿ. ಮಕ್ಕಳ ಫೋಟೋ ತೆಗೆಯುವುದಕ್ಕೂ ಅವರಿಗೆ ಪಾಠ ಹೇಳುವುದಕ್ಕೂ ಇರುವ ಸಂಬಂಧ ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಆದ್ದರಿಂದ ಮೊದಲು ಆ ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಏಳನೆಯ ತರಗತಿಯ ಗುಂಪು ಫೋಟೋ ತೆಗೆಸಬೇಕಾಗಿತ್ತು. ತಾಲ್ಲೂಕು ಕೇಂದ್ರದಿಂದ ಸ್ಟುಡಿಯೋದವರು ಬಂದಿದ್ದರು. ಎತ್ತರದ ಪ್ರಕಾರ ಮಕ್ಕಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿದವಳು ನಾನೇ. ಒಂದು ಸಲ ಕ್ಲಿಕ್ ಆಯಿತು. ಅವರು, "ಅಕ್ಕೋರೇ, ಇನ್ನೊಂದು ತೆಗೀತೇನೆ, ಹಿಂದಿನ ಸಾಲು ಸ್ವಲ್ಪ ಸರಿ ಮಾಡಬೇಕು" ಎಂದರು. ಬಿಸಿಯೂಟದ ಗಂಟೆ ಹೊಡೆದಿತ್ತು. "ಸಾಕು, ಒಂದೇ ಸಾಕು" ಎಂದು ಮಕ್ಕಳನ್ನು ಕಳಿಸಿಬಿಟ್ಟೆ.

ಫೋಟೋ ಬಂದಾಗ ಮಕ್ಕಳೆಲ್ಲ ಮುಗಿಬಿದ್ದು ತಮ್ಮ ತಮ್ಮ ಮುಖ ಹುಡುಕಿಕೊಂಡರು. ಒಬ್ಬಳು ಮಾತ್ರ ಬೆರಳಿಟ್ಟು ಒಂದೊಂದೇ ಸಾಲು ನೋಡಿ, ಮತ್ತೆ ಮೊದಲಿನಿಂದ ನೋಡಿ, "ಅಕ್ಕೋರೇ, ನಾನೆಲ್ಲಿ?" ಎಂದು ಕೇಳಿದಳು. ಅವಳು ಹಿಂದಿನ ಸಾಲಿನಲ್ಲಿದ್ದಳು. ಮುಂದೆ ನಿಂತ ಹುಡುಗಿಯ ತಲೆ ಅವಳ ಮುಖವನ್ನು ಪೂರ್ತಿ ಮುಚ್ಚಿತ್ತು. ನಾನು, "ಇಲ್ಲಿದ್ದೀಯಲ್ಲ, ನಿನ್ನ ದುಪಟ್ಟಾದ ಅಂಚು ಕಾಣ್ತದೆ ನೋಡು" ಎಂದೆ. ಅವಳು ಏನೂ ಹೇಳಲಿಲ್ಲ. ಆ ವರ್ಷದ ಕೊನೆಗೆ ಅವಳ ತಂದೆ ಕೂಲಿ ಕೆಲಸಕ್ಕೆ ಗೋವಾ ಕಡೆ ಹೊರಟರು, ಸಂಸಾರವೂ ಜೊತೆಗೆ ಹೋಯಿತು. ವರ್ಗಾವಣೆ ಪತ್ರ ಕೇಳಲು ಕೂಡ ಯಾರೂ ಬರಲಿಲ್ಲ. ನಮ್ಮ ಬಳಿ ಅವಳದು ಎಂದು ಉಳಿದದ್ದು ಹಾಜರಿ ಪುಸ್ತಕದ ಹೆಸರು ಮತ್ತು ಆ ದುಪಟ್ಟಾದ ಅಂಚು, ಅಷ್ಟೇ.

ನನಗೆ ಆ ಪ್ರಶ್ನೆ ಬಹಳ ದಿನ ಕಾಡಿತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಆ ಸ್ಟುಡಿಯೋಗೆ ಹೋದೆ. ಬೇರೆ ಯಾವುದಾದರೂ ಫೋಟೋದಲ್ಲಿ ಅವಳ ಮುಖ ಸಿಕ್ಕೀತೇ ಎಂಬ ಆಸೆ. ಸ್ಟುಡಿಯೋದ ಹಿರಿಯರನ್ನು ಊರವರೆಲ್ಲ ಚಾಚಾ ಎನ್ನುತ್ತಾರೆ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ, "ಒಂದೇ ತೆಗೆದದ್ದು, ಬೇಟಿ. ನೀವೇ ಸಾಕು ಅಂದಿರಿ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ ನನಗೆ ತಲೆ ಎತ್ತಲಾಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ, "ಭಾನುವಾರ ಬೆಳಿಗ್ಗೆ ನಾಲ್ಕೈದು ಮಕ್ಕಳು ಕಲಿಯೋಕೆ ಬರ್ತಾರೆ. ನೀವೂ ಬಂದು ಕೂತ್ಕೊಳ್ಳಿ" ಎಂದರು. ಹೀಗೆ ಬಿ.ಎಡ್. ಮುಗಿಸಿ ಹತ್ತು ವರ್ಷ ಪಾಠ ಮಾಡಿದ ನಾನು ಮತ್ತೆ ವಿದ್ಯಾರ್ಥಿನಿಯಾದೆ.

ಚಾಚಾ ಅವರ ಪಾಠ ಹೇಗಿರುತ್ತದೆಂದು ಹೇಳುತ್ತೇನೆ. ಮೊದಲ ವಾರ ಯಾರಿಗೂ ಕ್ಯಾಮೆರಾ ಮುಟ್ಟಲು ಕೊಡುವುದಿಲ್ಲ. ರಟ್ಟಿನ ತುಂಡಿನಲ್ಲಿ ಕಿಟಕಿಯಂತೆ ಒಂದು ಚೌಕ ಕತ್ತರಿಸಿ ಕೊಡುತ್ತಾರೆ. ಅದನ್ನು ಕಣ್ಣಿನ ಮುಂದೆ ಹಿಡಿದು ಮನೆ, ಅಂಗಳ, ಅಡುಗೆ ಕೋಣೆ, ತೋಟ ನೋಡಿಕೊಂಡು ಬರಬೇಕು. ಮರುವಾರ ಏನು ಕಂಡಿತೆಂದು ಬಾಯಲ್ಲಿ ಹೇಳಬೇಕು. ಒಬ್ಬ ಹುಡುಗ, "ಅಮ್ಮಿ ರೊಟ್ಟಿ ತಟ್ಟುವಾಗ ಒಲೆ ಕಡೆಯ ಕೆನ್ನೆ ಮಾತ್ರ ಬೆಳ್ಳಗೆ ಕಾಣ್ತದೆ" ಎಂದ. ಚಾಚಾ ಅವನ ಬೆನ್ನು ತಟ್ಟಿ, "ಇದೇ ಪಾಠ. ಉಳಿದದ್ದು ಮಿಷನ್ನಿನದು" ಎಂದರು. ಅದೇ ತಾಯಿಯನ್ನು ಆ ಹುಡುಗ ಹನ್ನೆರಡು ವರ್ಷದಿಂದ ನೋಡುತ್ತಿದ್ದ, ಅವಳ ಕೆನ್ನೆಯ ಮೇಲಿನ ಬೆಳಕನ್ನು ನೋಡಿದ್ದು ಅಂದೇ ಮೊದಲು.

ಎರಡನೆಯದು, ಹೆಸರು. ಯಾರ ಫೋಟೋ ತೆಗೆಯುತ್ತೀರೋ ಅವರ ಹೆಸರು ಕೇಳದೆ ತೆಗೆಯಬಾರದು. ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದವರಾದರೂ ಸರಿ, ಮೊದಲು ಕೂರಿಸಿ, ಹೆಸರು ಕೇಳಿ, ಊರು ಕೇಳಿ, ಎರಡು ಮಾತಾಡಬೇಕು. ಹೆಸರು ಹೇಳುವಾಗ ಮನುಷ್ಯನ ಮುಖ ತನ್ನ ಸ್ಥಿತಿಗೆ ಬರುತ್ತದೆ ಎಂಬುದು ಅವರ ಅನುಭವ.

ಮೂರನೆಯದು, ಎತ್ತರ. ಮಗುವಿನ ಚಿತ್ರ ತೆಗೆಯಬೇಕಾದರೆ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಿಂತುಕೊಂಡೇ ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಮೊಟಕಾಗಿ, ಮಗು ಕುಗ್ಗಿ ಹೋದಂತೆ ಕಾಣುತ್ತದೆ. ಈ ವಯಸ್ಸಿನಲ್ಲೂ ಚಾಚಾ ನೆಲದ ಮೇಲೆ ಮೊಣಕಾಲೂರುತ್ತಾರೆ. ಕಣ್ಣುಗಳು ಸ್ಪಷ್ಟವಾಗಿದ್ದರೆ ಕಿವಿ, ಕೂದಲು ಸ್ವಲ್ಪ ಮಸುಕಾದರೂ ನಡೆದೀತು, ಕಣ್ಣೇ ಮಸುಕಾದರೆ ಉಳಿದದ್ದೆಲ್ಲ ಚೆನ್ನಾಗಿದ್ದೂ ಪ್ರಯೋಜನವಿಲ್ಲ ಎಂದು ಅವರು ಪ್ರತಿ ಪಾಠದಲ್ಲೂ ಹೇಳುತ್ತಾರೆ.

ನಾಲ್ಕನೆಯದು, ಬೆಳಕು. ನಮ್ಮ ಘಟ್ಟದ ಮೇಲಿನವರಿಗೆ ಮಳೆಗಾಲವೆಂದರೆ ಬೇಸರ. ಆದರೆ ಮುಖದ ಚಿತ್ರಕ್ಕೆ ಮೋಡ ಕವಿದ ಬೆಳಕಿನಂಥದ್ದು ಇನ್ನೊಂದಿಲ್ಲ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಗುಳಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಮೋಡ ಆ ಬೆಳಕನ್ನು ಎಲ್ಲ ಕಡೆಗೂ ಹಂಚಿ ಮೆದುಗೊಳಿಸುತ್ತದೆ. ಜಗುಲಿಯ ಕಂಬದ ಪಕ್ಕ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಕಿಟಕಿಯ ಕಡೆಗೆ ಅರೆ ಮುಖ ಮಾಡಿ ಕೂರಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಸ್ಟುಡಿಯೋದ ಬೆಳಕು ಸಿಗುತ್ತದೆ. ನಮ್ಮ ಹಂಚಿನ ಮನೆಗಳೆಲ್ಲವೂ ಸ್ಟುಡಿಯೋಗಳೇ ಎಂದು ಚಾಚಾ ತಮಾಷೆ ಮಾಡುತ್ತಾರೆ. ಅವರು ಫಿಲ್ಮ್ ರೋಲಿನ ಕಾಲದವರು. ಒಂದು ರೋಲಿಗೆ 36 ಚಿತ್ರ, ಕತ್ತಲ ಕೋಣೆಯಲ್ಲಿ ತೊಳೆದು, ಹೈಪೋದಲ್ಲಿ ಅದ್ದಿ, ಒಣಗಲು ಹಾಕಿದ ಮೇಲೆಯೇ ಫಲ ಗೊತ್ತಾಗುವುದು. ಆದ್ದರಿಂದ ಒತ್ತುವ ಮೊದಲು ಯೋಚಿಸುವುದು ಅವರಿಗೆ ಅಭ್ಯಾಸವಾಗಿದೆ. ಫೋನಿನಲ್ಲಿ ನೂರು ತೆಗೆದು ಒಂದನ್ನೂ ನೋಡದ ನಮಗೆ ಆ ಅಭ್ಯಾಸ ತಪ್ಪಿದೆ.

ಓದುಗರೇ, ಈ ನಾಲ್ಕು ಪಾಠಗಳನ್ನು ಮತ್ತೊಮ್ಮೆ ಓದಿ ನೋಡಿ. ಮೊದಲು ನೋಡುವುದು, ಹೆಸರು ಹಿಡಿದು ಕರೆಯುವುದು, ಮಗುವಿನ ಎತ್ತರಕ್ಕೆ ಇಳಿಯುವುದು, ಅದಕ್ಕೆ ಯಾವ ಬೆಳಕು ಹಿತವೆಂದು ತಿಳಿಯುವುದು. ಇದರಲ್ಲಿ ಶಿಕ್ಷಕರಿಗೆ ಬೇಡವಾದದ್ದು ಯಾವುದಿದೆ? ಬಿ.ಎಡ್. ತರಗತಿಯಲ್ಲಿ ಶಿಶುಕೇಂದ್ರಿತ ಶಿಕ್ಷಣವೆಂದು ಪುಟಗಟ್ಟಲೆ ಬರೆದು ಅಂಕ ಪಡೆದವಳು ನಾನು. ಗುಂಪು ಫೋಟೋದ ದಿನ ಅದರಲ್ಲಿ ಒಂದೂ ನನಗೆ ನೆನಪಾಗಲಿಲ್ಲ.

ಎರಡು ಭಾಷೆ ಕಲಿಸುವವಳಾದ್ದರಿಂದ ಪದಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಉರ್ದುವಿನಲ್ಲಿ ಚಿತ್ರಕ್ಕೆ ತಸ್ವೀರ್ ಎನ್ನುತ್ತೇವೆ. ರೂಪ ಎಂಬ ಅರ್ಥದ ಸೂರತ್ ಕೂಡ ಅದೇ ಅರಬಿ ಧಾತುವಿನಿಂದ ಬಂದದ್ದು. ಒಬ್ಬ ವ್ಯಕ್ತಿಯ ಹೋಲಿಕೆಯನ್ನು ಹಿಡಿದ ಚಿತ್ರಕ್ಕೆ ಶಬೀಹ್ ಎಂಬ ಸುಂದರವಾದ ಪದವೂ ಇದೆ. ಕನ್ನಡದಲ್ಲಿ ಅದಕ್ಕೆ ಭಾವಚಿತ್ರ ಎನ್ನುತ್ತೇವೆ. ಉರ್ದುವಿನ ಪದಗಳು ರೂಪವನ್ನೂ ಹೋಲಿಕೆಯನ್ನೂ ಹೇಳಿದರೆ ಕನ್ನಡದ ಪದ ಭಾವವನ್ನು ಹೇಳುತ್ತದೆ. ಮುಖ ಹೋಲಬೇಕು, ಮುಖದ ಹಿಂದಿನ ಮನುಷ್ಯನೂ ಕಾಣಬೇಕು. ಒಳ್ಳೆಯ ಚಿತ್ರಕ್ಕೆ ಈ ಎರಡೂ ಬೇಕು.

ಕ್ಯಾಮೆರಾ ಪಾಶ್ಚಾತ್ಯರ ವಸ್ತು, ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮತ್ತೆ ಕೆಲವರು ಉತ್ಸಾಹದಿಂದ, ಕ್ಯಾಮೆರಾ ಎಂಬ ಪದವೇ ಅರಬಿಯದು ಎಂದು ಸಂದೇಶ ಹರಡುತ್ತಾರೆ. ಎರಡೂ ಸರಿಯಲ್ಲ. ಕ್ಯಾಮೆರಾ ಎಂಬುದು ಕೋಣೆ ಎಂಬ ಅರ್ಥದ ಲ್ಯಾಟಿನ್ ಪದ. ಆದರೆ ಕತ್ತಲ ಕೋಣೆಯೊಳಗೆ ಸಣ್ಣ ರಂಧ್ರದಿಂದ ಬೆಳಕು ಬಂದರೆ ಹೊರಗಿನ ವಸ್ತುವಿನ ಬಿಂಬ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಪ್ರಯೋಗಗಳ ಮೂಲಕ ಆಳವಾಗಿ ಅಧ್ಯಯನ ಮಾಡಿದವರಲ್ಲಿ ಇಬ್ನ್ ಅಲ್ ಹೈಸಮ್ ಪ್ರಮುಖರು. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡ ಅವರು ಕಿತಾಬುಲ್ ಮನಾಝಿರ್ ಎಂಬ ದೃಗ್ವಿಜ್ಞಾನದ ಗ್ರಂಥವನ್ನು ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆಂಬ ಹಳೆಯ ನಂಬಿಕೆಯನ್ನು ತಳ್ಳಿಹಾಕಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ತೋರಿಸಿದರು. ಗ್ರಹಣದ ಸಮಯದಲ್ಲಿ ಸಣ್ಣ ರಂಧ್ರದ ಮೂಲಕ ಸೂರ್ಯನ ಬಿಂಬ ಹೇಗೆ ಕುಡುಗೋಲಿನ ಆಕಾರದಲ್ಲಿ ಬೀಳುತ್ತದೆ ಎಂಬುದರ ಮೇಲೂ ಪ್ರತ್ಯೇಕವಾಗಿ ಬರೆದರು.

ಇದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯಂತೆ ಕಂಡರೆ ನಮ್ಮಲ್ಲಿ ಪಾರ್ಶ್ವವಾಗಿ ಕಂಡಿತು. ಹಂಚಿನ ಸಂದಿಯಿಂದ ದಿನವೂ ನೆಲದ ಮೇಲೆ ದುಂಡಗೆ ಬೀಳುತ್ತಿದ್ದ ಬಿಸಿಲ ಚುಕ್ಕೆಗಳು ಅಂದು ಚಂದ್ರನ ತುಣುಕುಗಳಾಗಿದ್ದವು. ಮಕ್ಕಳು ಅಂಗೈ ಒಡ್ಡಿ ಅವನ್ನು ಹಿಡಿದರು. ಪ್ರತಿಯೊಂದು ಹಂಚಿನ ಸಂದಿಯೂ ಒಂದು ಕ್ಯಾಮೆರಾ ಎಂದು ಅಂದು ಹೇಳಿಕೊಟ್ಟದ್ದು ಅವರಿಗೆ ಇಂದಿಗೂ ಮರೆತಿಲ್ಲ. ಪಠ್ಯಪುಸ್ತಕದ ಸೂಚಿರಂಧ್ರ ಕ್ಯಾಮೆರಾದ ಪಾಠ ಮಾಡುವಾಗ ರಟ್ಟಿನ ಪೆಟ್ಟಿಗೆಗೆ ಎಣ್ಣೆ ಹಚ್ಚಿದ ಕಾಗದ ಅಂಟಿಸಿ ಮಾಡಿ ತೋರಿಸಿ ಎಂದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ.

ಇನ್ನು ನಮ್ಮ ಮನೆಗಳ ಮಾತಿಗೆ ಬರುತ್ತೇನೆ. ನನ್ನ ದಾದಿ ಜೀವಮಾನವಿಡೀ ಫೋಟೋ ತೆಗೆಸಿಕೊಂಡವರಲ್ಲ. ತಸ್ವೀರಿನ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ವಿದ್ಯೆ ನನಗಿಲ್ಲ, ಆ ಕೆಲಸಕ್ಕೆ ನಾನು ಕೈ ಹಾಕುವುದೂ ಇಲ್ಲ. ದಾದಿಯ ಮನಸ್ಸನ್ನು ನಾವು ಯಾರೂ ನೋಯಿಸಲಿಲ್ಲ. ಹಜ್ಜಿಗೆ ಹೊರಟಾಗ ಮಾತ್ರ ಪಾಸ್‌ಪೋರ್ಟಿಗಾಗಿ ಒಂದು ಫೋಟೋ ಬೇಕೇ ಬೇಕಾಯಿತು. ಅಬ್ಬಾ ಅವರನ್ನು ಚಾಚಾ ಅವರ ಸ್ಟುಡಿಯೋಗೆ ಕರೆದುಕೊಂಡು ಹೋದರು. ಚಾಚಾ ತಮ್ಮ ಹೆಂಡತಿಯನ್ನು ಮನೆಯಿಂದ ಕರೆಸಿ ದಾದಿಯ ಪಕ್ಕ ಕೂರಿಸಿದರು, ಅಂಗಡಿಯ ಬಾಗಿಲು ಓರೆ ಮಾಡಿದರು, ಇಬ್ಬರೂ ಹಳೆಯ ನೆಂಟಸ್ತಿಕೆ ಮಾತಾಡಿಕೊಳ್ಳುವವರೆಗೆ ಕಾದರು. ಆಮೇಲೆ ಒಂದೇ ಒಂದು ಫೋಟೋ ತೆಗೆದರು. ದಾದಿ ಹಜ್ ಮುಗಿಸಿ ಬಂದರು, ಕೆಲವು ವರ್ಷಗಳ ನಂತರ ತೀರಿಕೊಂಡರು. ಇಂದು ನಮ್ಮ ಮಕ್ಕಳಿಗೆ ಅವರ ಮುಖ ಗೊತ್ತಿರುವುದು ಆ ಅಂಗೈಗಿಂತ ಚಿಕ್ಕ ಫೋಟೋದಿಂದ ಮಾತ್ರ. ಅದರಲ್ಲಿ ಅವರು ಹೆದರಿಲ್ಲ, ನಾಚಿಲ್ಲ. ನಮ್ಮ ದಾದಿಯಾಗಿಯೇ ಕುಳಿತಿದ್ದಾರೆ.

ಚಾಚಾ ಮಾಡಿದ್ದು ಹೊಸ ಕ್ರಮವಲ್ಲ ಎಂದು ನಂತರ ಓದಿ ತಿಳಿದೆ. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ಲಾಲಾ ದೀನ್ ದಯಾಳ್ (1844-1905). ನಮ್ಮ ಇಂದಿನ ಬೀದರ್, ಕಲಬುರಗಿ, ರಾಯಚೂರುಗಳೂ ಆಗ ನಿಜಾಮರ ಆಡಳಿತದಲ್ಲಿದ್ದವು. ದೀನ್ ದಯಾಳ್ ಅವರು 1892ರಲ್ಲಿ ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಮಹಿಳೆಯರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಳ್ಳಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದರು. ನಿಜಾಮರು ಅವರಿಗೆ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ಬರೆಯುವವನು. ಮಹಿಳೆಯರ ಮರ್ಯಾದೆಗೆ ತಕ್ಕಂತೆ ತಮ್ಮ ಸ್ಟುಡಿಯೋವನ್ನೇ ಹೊಂದಿಸಿಕೊಂಡ ಕಲಾವಿದನಿಗೆ ಅದು ತಕ್ಕ ಬಿರುದು.

ಅದಕ್ಕೂ ಮೊದಲು ಲಖನೌದಲ್ಲಿ ಅಹಮದ್ ಅಲಿ ಖಾನ್ ಎಂಬವರಿದ್ದರು. ಅವರು ಹುಸೈನಾಬಾದ್ ಇಮಾಂಬಾಡಾದ ದಾರೋಗಾ. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಇಪ್ಪತ್ತು ವರ್ಷ ಕಳೆಯುವ ಮೊದಲೇ ಅವರು ಆ ವಿದ್ಯೆಯನ್ನು ಕೈವಶ ಮಾಡಿಕೊಂಡು ನಗರದ ಭಾರತೀಯರ ಮತ್ತು ಯೂರೋಪಿಯನ್ನರ ಚಿತ್ರಗಳನ್ನು ತೆಗೆದರು. 1857ರ ಹೋರಾಟದ ದಿನಗಳಲ್ಲಿ ತೀರಿಕೊಂಡ ಎಷ್ಟೋ ಜನರ ಮುಖಗಳು ಅವರ ಚಿತ್ರಗಳಲ್ಲಿ ಉಳಿದುಕೊಂಡವು. ನಮ್ಮ ದಕ್ಷಿಣದಲ್ಲಿ ಡಾ. ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಮದರಾಸಿನ ಕಲಾಶಾಲೆಯಲ್ಲಿ ಕೆಲವೇ ವರ್ಷಗಳಲ್ಲಿ ಛಾಯಾಗ್ರಹಣವನ್ನೂ ಕಲಿಸತೊಡಗಿದರು. ಅಂದರೆ ಈ ವಿದ್ಯೆ ನಮ್ಮ ನಾಡಿಗೆ ಬಂದ ದಿನದಿಂದಲೂ ಕಲಿತು ಕಲಿಸುವ ವಿದ್ಯೆಯಾಗಿಯೇ ಬೆಳೆದಿದೆ.

ಚಾಚಾ ಅವರ ಮೇಜಿನ ಮೇಲೆ ಯಾವಾಗಲೂ ಒಂದು ಪುಸ್ತಕ ಇರುತ್ತದೆ. ಅದು ಟಿ.ಎಸ್. ಸತ್ಯನ್ ಅವರ ಕನ್ನಡ ನೆನಪುಗಳ ಪುಸ್ತಕ, ಕಾಲಕ್ಕೆ ಕನ್ನಡಿ. ನನಗೂ ಓದಲು ಕೊಟ್ಟರು. ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರು ಸಾಲಾಗಿ ಬರುತ್ತದೆ, ಸತ್ಯನ್ ಯಾರೆಂದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಆದ್ದರಿಂದ ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸತ್ಯನ್ 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿದರು. ಬನುಮಯ್ಯ ಶಾಲೆಯಲ್ಲಿ, ನಂತರ ಮಹಾರಾಜಾ ಕಾಲೇಜಿನಲ್ಲಿ ಓದಿ 1944ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಪದವಿ ಪಡೆದವನು ಕ್ಯಾಮೆರಾ ಹಿಡಿದು ಬದುಕುತ್ತೇನೆಂದರೆ ಮನೆಯವರು ಗಾಬರಿಯಾಗುವ ಮಾತು. ಆದರೂ ಅವರು ಅದನ್ನೇ ಆರಿಸಿಕೊಂಡರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಆರಂಭವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲಸ ಮಾಡಿದರು. ಮುಂದೆ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ದೇಶವಿಡೀ ಸುತ್ತಿ ಚಿತ್ರ ತೆಗೆದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 1979ನ್ನು ಅಂತಾರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಖ್ಯ ಕಚೇರಿಯಲ್ಲಿ ನಡೆಯಿತು. 2005ರಲ್ಲಿ ಇಂಗ್ಲಿಷಿನಲ್ಲಿಯೂ ಅವರ ನೆನಪುಗಳ ಪುಸ್ತಕ ಬಂತು. 2009ರ ಡಿಸೆಂಬರ್ 13ರಂದು, 86 ತುಂಬಲು ಐದು ದಿನವಿರುವಾಗ, ಮೈಸೂರಿನಲ್ಲಿ ತೀರಿಕೊಂಡರು.

ಪ್ರಶಸ್ತಿಗಿಂತ ಅವರ ಕೆಲಸದ ರೀತಿ ನಮಗೆ ಮುಖ್ಯ. ಸತ್ಯನ್ ದೊಡ್ಡವರ ಚಿತ್ರಗಳನ್ನೂ ತೆಗೆದರು. ಆದರೆ ಅವರಿಗೆ ಹೆಸರು ತಂದದ್ದು ಸಾಮಾನ್ಯ ಜನರ ದಿನನಿತ್ಯದ ಬದುಕಿನ ಕಪ್ಪು ಬಿಳುಪು ಚಿತ್ರಗಳು. ಅದರಲ್ಲೂ ಮಕ್ಕಳು. ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಬಡವರು. ಬಡತನ ಚಿತ್ರದಲ್ಲಿ ಕಾಣುತ್ತದೆ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಬಡತನವನ್ನು ಮಾತ್ರ ತೋರಿಸಲು ಮಗುವನ್ನು ಬಳಸಿಕೊಳ್ಳಲಿಲ್ಲ. ಮಗು ಆಡುತ್ತಿದ್ದರೆ ಆಟ, ಓದುತ್ತಿದ್ದರೆ ಓದು, ಕೆಲಸದಲ್ಲಿದ್ದರೆ ಕೆಲಸ ಅಲ್ಲಿ ಮುಖ್ಯವಾಗುತ್ತದೆ. ನೋಡಿದವರಿಗೆ ಅಯ್ಯೋ ಎನಿಸುವ ಮೊದಲು, ಈ ಮಗು ಯಾರು ಎಂದು ತಿಳಿಯುವ ಆಸೆ ಹುಟ್ಟುತ್ತದೆ. ಇದೇ ರೀತಿ ಎ.ಎನ್. ಮುಕುಂದ ಅವರು ಕನ್ನಡದ ಸಾಹಿತಿಗಳ ಭಾವಚಿತ್ರಗಳಲ್ಲಿ ಪುಸ್ತಕದ ಹಿಂದಿನ ಮನುಷ್ಯರನ್ನು ನಮಗೆ ಪರಿಚಯಿಸಿದ್ದಾರೆ. ಈ ವಿದ್ಯೆ ಕಲಿಯಲು ಇಂದು ದಾರಿಗಳೂ ಇವೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳನ್ನು ತಯಾರು ಮಾಡುತ್ತ ಬಂದಿದೆ. ಮೈಸೂರಿನಲ್ಲಿ ಕಾವಾ ಎಂದು ಕರೆಯುವ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಛಾಯಾಚಿತ್ರವನ್ನು ಪದವಿಯ ವಿಷಯವಾಗಿ ಓದಬಹುದು. ಹೆಣ್ಣುಮಕ್ಕಳಿಗೆ ಇದಲ್ಲ ಎನ್ನುವವರು ಹೋಮಾಯಿ ವ್ಯಾರಾವಾಲಾ (1913-2012) ಅವರನ್ನು ನೆನೆಯಬೇಕು. ಸೀರೆಯುಟ್ಟು ಭಾರದ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನು ಚಿತ್ರಿಸಿದ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಅವರು. 2011ರಲ್ಲಿ ಪದ್ಮವಿಭೂಷಣ ಪಡೆದರು.

ಈಗ ನನ್ನ ಭಾಷಣದ ಕಷ್ಟದ ಭಾಗಕ್ಕೆ ಬರುತ್ತೇನೆ. ಹಿರಿಯರು ಕ್ಷಮಿಸಬೇಕು.

ಎರಡು ವರ್ಷದ ಹಿಂದೆ ಒಂದು ಕಡೆ ಮಕ್ಕಳಿಗೆ ಬ್ಯಾಗು, ನೋಟ್‌ಬುಕ್ ಹಂಚುವ ಕಾರ್ಯಕ್ರಮವಿತ್ತು. ಒಬ್ಬೊಬ್ಬ ಮಗುವನ್ನು ವೇದಿಕೆಗೆ ಕರೆದು, ಏಳೆಂಟು ಜನ ದೊಡ್ಡವರು ಸುತ್ತ ನಿಂತು, ಎಲ್ಲರೂ ಬ್ಯಾಗಿಗೆ ಕೈ ಹಚ್ಚಿ, ಕ್ಯಾಮೆರಾದ ಕಡೆ ಮುಖ ಮಾಡಿ ಫೋಟೋ ತೆಗೆಸಿಕೊಂಡೆವು. ತೆಗೆಸಿಕೊಂಡೆವು ಎನ್ನುತ್ತೇನೆ, ಏಕೆಂದರೆ ಎಡಗಡೆಯಿಂದ ಎರಡನೆಯವಳು ನಾನು. ನಗುತ್ತಿದ್ದೇನೆ. ಮಧ್ಯದಲ್ಲಿ ನಿಂತ ಹುಡುಗನ ತಲೆ ಬಗ್ಗಿದೆ. ಸಂಜೆಯೊಳಗೆ ಆ ಫೋಟೋ ಹತ್ತಾರು ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಸೋಮವಾರ ಆ ಹುಡುಗ ತನ್ನ ಹಳೆಯ ಪ್ಲಾಸ್ಟಿಕ್ ಚೀಲದಲ್ಲಿಯೇ ಪುಸ್ತಕ ತಂದ. "ಹೊಸ ಬ್ಯಾಗ್ ಎಲ್ಲಿ ಬೇಟಾ?" ಎಂದೆ. "ದೊಡ್ಡ ಹುಡುಗರು ಖೈರಾತ್ ಬ್ಯಾಗ್ ಅಂತಾರೆ ಟೀಚರ್" ಎಂದ. ಬ್ಯಾಗು ಮನೆಯ ಅಟ್ಟ ಸೇರಿತ್ತು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕೇಳಿಯೇ ಬೆಳೆದವರು ನಾವು. ದಾನಿಗಳಿಗೆ ಲೆಕ್ಕ ತೋರಿಸಬೇಕು, ನಿಜ. ಮುಂದಿನ ವರ್ಷ ಸಹಾಯ ಬರಬೇಕಾದರೆ ಈ ವರ್ಷದ್ದು ಮುಟ್ಟಿದೆ ಎಂಬ ಸಾಕ್ಷಿ ಬೇಕು, ಅದೂ ನಿಜ. ಆ ತೊಂದರೆ ನನಗೆ ಅರ್ಥವಾಗುತ್ತದೆ. ಆದರೆ ಆ ಸಾಕ್ಷಿಗೆ ರಸೀದಿ ಇದೆ, ಸಹಿ ಮಾಡಿದ ಪಟ್ಟಿ ಇದೆ, ಮುಖ್ಯ ಶಿಕ್ಷಕರ ಪತ್ರ ಇದೆ. ರಾಶಿ ಹಾಕಿದ ಬ್ಯಾಗುಗಳ ಫೋಟೋ ಕೂಡ ತೆಗೆಯಬಹುದು. ಸಾಕ್ಷಿಗಾಗಿ ಮಗುವಿನ ತಗ್ಗಿದ ಮುಖವೇ ಏಕೆ ಬೇಕು? ಸತ್ಯನ್ ಅವರ ಚಿತ್ರದ ಬಡ ಮಗುವಿಗೂ ನಮ್ಮ ಫೋಟೋದ ಬಡ ಮಗುವಿಗೂ ಇರುವ ವ್ಯತ್ಯಾಸ ಇದೇ. ಅವರ ಚಿತ್ರದಲ್ಲಿ ಮಗುವೇ ವಿಷಯ. ನಮ್ಮ ಫೋಟೋದಲ್ಲಿ ವಿಷಯ ನಾವು.

ಇದು ಮಕ್ಕಳ ರಕ್ಷಣೆಯ ಪ್ರಶ್ನೆಯೂ ಹೌದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕೆಂಬ ನಿಯಮವಿದೆ. ಆದರೆ ಕಾನೂನು ಹೇಳುವವರೆಗೆ ಕಾಯಬೇಕಾದ ವಿಷಯ ಇದಲ್ಲ. ಯಾರಾದರೂ ನಮ್ಮ ಬಳಿ ಒಡವೆ ಇಟ್ಟು ಹೋದರೆ ಅದನ್ನು ಅಮಾನತ್ ಎನ್ನುತ್ತೇವೆ. ಜೋಪಾನ ಮಾಡುತ್ತೇವೆ, ಬೇರೆಯವರ ಕೈಗೆ ಕೊಡುವುದಿಲ್ಲ, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸುತ್ತೇವೆ. ನಮ್ಮ ಫೋನಿನಲ್ಲಿರುವ ಬೇರೆಯವರ ಮಗುವಿನ ಮುಖವೂ ಅಂಥದ್ದೇ ಒಂದು ಅಮಾನತ್.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲೂ ಓದುಗರಾದ ನಿಮ್ಮಲ್ಲೂ ಮೂರು ವಿನಂತಿಗಳು. ಮೊದಲನೆಯದು, ಮುಂದಿನ ವರ್ಷದಿಂದ ವಿದ್ಯಾರ್ಥಿವೇತನ, ಬ್ಯಾಗು, ಪುಸ್ತಕ ಪಡೆಯುವ ಮಕ್ಕಳ ಫೋಟೋವನ್ನು ನಮ್ಮ ಸಂಚಿಕೆಯಲ್ಲಿ ಹಾಕಬಾರದು, ಗುಂಪುಗಳಲ್ಲಿ ಹರಡಬಾರದು. ಬಹುಮಾನ ಗೆದ್ದ ಮಗುವಿನ ಫೋಟೋವನ್ನು ಮನೆಯವರನ್ನು ಕೇಳಿ ಹಾಕೋಣ. ಎರಡನೆಯದು, ಪ್ರತಿ ಮಗುವಿಗೂ ವರ್ಷಕ್ಕೊಂದು ಒಳ್ಳೆಯ ಭಾವಚಿತ್ರ ಸಿಗಲಿ, ಮುದ್ರಿಸಿದ ಪ್ರತಿ ಮಗುವಿನ ಮನೆಗೇ ಹೋಗಲಿ. ಮನೆಯವರಿಗೆ ಬೇಡವೆನಿಸಿದರೆ ಒತ್ತಾಯ ಬೇಡ. ಅಂಥ ಮಗುವಿಗೆ ಅದರ ಕೈಬರಹದ, ಅದು ಬಿಡಿಸಿದ ಚಿತ್ರದ ಒಂದು ಪುಟವನ್ನು ಅಷ್ಟೇ ಆದರದಿಂದ ಕೊಡೋಣ. ಮೂರನೆಯದು, ಕಲಿಯಲು ಆಸಕ್ತಿಯಿರುವ ಹುಡುಗ ಹುಡುಗಿಯರನ್ನು ಚಾಚಾ ಅವರಂಥವರ ಬಳಿ ಕಳಿಸಿರಿ. ಇಂಥ ಹಿರಿಯರು ನಿಮ್ಮ ಊರಿನಲ್ಲೂ ಇರುತ್ತಾರೆ. ಫೋನಿನಿಂದಾಗಿ ಅವರ ಅಂಗಡಿಯ ವ್ಯಾಪಾರ ತಗ್ಗಿದೆ. ಅವರಿಗೆ ಗೊತ್ತಿರುವುದು ಅವರೊಂದಿಗೇ ಹೋಗಿಬಿಟ್ಟರೆ ನಷ್ಟ ನಮ್ಮದು.

ಎರಡನೆಯ ಕೆಲಸವನ್ನು ನನ್ನ ತರಗತಿಯಲ್ಲಿ ಆಗಲೇ ಆರಂಭಿಸಿದ್ದೇನೆ. ಜೂನ್ ತಿಂಗಳಲ್ಲಿ, ಮಳೆಯ ಬೆಳಕಿನಲ್ಲಿ, ಜಗುಲಿಯ ಮೇಲೆ ಒಂದು ಕುರ್ಚಿ ಹಾಕುತ್ತೇವೆ. ದೊಡ್ಡ ಮಕ್ಕಳೇ ಚಿಕ್ಕವರ ಚಿತ್ರ ತೆಗೆಯುತ್ತಾರೆ. ಚಾಚಾ ಪಕ್ಕದಲ್ಲಿ ನಿಂತು, "ಹೆಸರು ಕೇಳಿದೆಯಾ? ಕೂತ್ಕೊ, ಕೂತು ತೆಗಿ" ಎನ್ನುತ್ತಿರುತ್ತಾರೆ. ಫೋಟೋದ ಹಿಂದೆ ಮಗು ತನ್ನ ಹೆಸರನ್ನು ಉರ್ದು ಮತ್ತು ಕನ್ನಡ ಎರಡೂ ಲಿಪಿಗಳಲ್ಲಿ ತಾನೇ ಬರೆಯುತ್ತದೆ. ಬೇರೆ ದಿನ ನಕಲು ಬರೆಯಲು ಬೇಸರಪಡುವವರೂ ಆ ದಿನ ಅಕ್ಷರಗಳನ್ನು ತಿದ್ದಿ ತಿದ್ದಿ ಬರೆಯುತ್ತಾರೆ. ಎಲ್ಲ ಮುಗಿದ ಮೇಲೆ ನಾನು ಹಾಜರಿ ಪುಸ್ತಕ ಹಿಡಿದು ಒಂದೊಂದು ಹೆಸರಿಗೂ ಒಂದೊಂದು ಮುಖ ಇದೆಯೇ ಎಂದು ಎಣಿಸಿ ನೋಡುತ್ತೇನೆ.

ನಾನೆಲ್ಲಿ ಎಂದು ಕೇಳಿದ ಆ ಹುಡುಗಿಯ ಸುದ್ದಿ ಮತ್ತೆ ಬರಲಿಲ್ಲ. ಈಗ ಅವಳು ದೊಡ್ಡವಳಾಗಿರಬೇಕು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಯಾರ ಊರಿನಲ್ಲಾದರೂ ಅವಳಿದ್ದು, ಈ ಸಂಚಿಕೆ ಅವಳ ಕೈಗೆ ಸಿಕ್ಕಿದರೆ, ತಪ್ಪು ಅವಳದಲ್ಲ, ಸಾಲು ಸರಿ ಮಾಡದ ಅಕ್ಕೋರದು ಎಂದು ತಿಳಿಯಲಿ. ಜಗುಲಿಯ ಮೇಲಿನ ಕುರ್ಚಿ ಅವಳಿಗೂ ಇದೆ.